ಅಲಂಕಾರಕ್ಕೆ ಮಾತ್ರ

ತಿಪಟೂರಿನ ಕೊಬ್ಬರಿ ವ್ಯಾಪಾರಿ ಸದಾಶಿವಯ್ಯನವರಿಗೆ ತಮ್ಮ ವೆಬ್‌ಸೈಟ್ ಎಂದರೆ ಮೊದಲ ಮೊಮ್ಮಗುವಿನಷ್ಟು ಮುದ್ದು. ಅದನ್ನು ಮಾಡಿಕೊಟ್ಟವಳು ತಮ್ಮನ ಮಗಳು ಭಾನುಪ್ರಿಯಾ, ಬಿ.ಕಾಂ. ಓದುವ ಹುಡುಗಿ. ಅದರೊಳಗೆ ಏನೇನು ಹಾಕಲಿ ಎಂದು ಅವಳು ಕೇಳಿದಾಗ ಇವರು ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಅಂಗಡಿ ಶುರು ಮಾಡಿದ ದಿನ ರಸ್ತೆ ಬದಿಗೆ ಕಟ್ಟಿಸಿದ್ದ ಫ್ಲೆಕ್ಸ್ ಇತ್ತಲ್ಲ, ಅದರ ಚಿತ್ರವನ್ನೇ ಹಾಕು ಎಂದರು. ಮೇಲೆ ದೇವರು, ನಡುವೆ ಪೇಟ ತೊಟ್ಟ ಸದಾಶಿವಯ್ಯ, ಅವರ ಸುತ್ತ ಒಂದೊಂದು ವೃತ್ತದಲ್ಲಿ ಒಬ್ಬೊಬ್ಬರಂತೆ ಶುಭ ಕೋರುವ ನೆಂಟರಿಷ್ಟರು. ಮೂಲೆಯಲ್ಲಿ ಒಂದಿಷ್ಟು ಕೊಬ್ಬರಿ, ಅದರಡಿ ಫೋನ್ ನಂಬರು. ವಾರದ ದರವನ್ನು ಭಾನು ಅದೇ ಚಿತ್ರದ ಮೇಲೆ ಕೆಂಪಕ್ಷರದಲ್ಲಿ ಬರೆದು ಮತ್ತೆ ಹಾಕುತ್ತಿದ್ದಳು. ನೋಡಿದವರೆಲ್ಲ ಭೇಷ್ ಅಂದಿದ್ದರು.

ನೋಡದವರೊಬ್ಬರು ಫೋನ್ ಮಾಡುವವರೆಗೂ ಎಲ್ಲವೂ ಚೆನ್ನಾಗಿತ್ತು.

ಬೆಂಗಳೂರಿನ ಆನ್‌ಲೈನ್ ಕಂಪನಿಯೊಂದು ಸಂಕ್ರಾಂತಿಯ ಎಳ್ಳು ಬೆಲ್ಲಕ್ಕೆ ಕೊಬ್ಬರಿ ಒದಗಿಸುವವರನ್ನು ಹುಡುಕುತ್ತಿತ್ತು. ಸದಾಶಿವಯ್ಯನವರ ಸರಕು ಅವರಿಗೆ ಒಪ್ಪಿಗೆಯಾಗಿತ್ತು. ವೆಬ್‌ಸೈಟ್ ಪರೀಕ್ಷೆಯೊಂದು ಬಾಕಿ. ಅದನ್ನು ಮಾಡುವ ಸೌಂದರ್ಯ ಎಂಬಾಕೆ ಫೋನಿನಲ್ಲಿ ಬಹಳ ಮರ್ಯಾದೆಯಿಂದ ಮಾತಾಡಿದರು.

"ಸರ್, ನಿಮ್ಮ ವೆಬ್‌ಸೈಟಲ್ಲಿ ನಂಗೆ ಸಿಕ್ಕಿದ್ದು ಒಂದೇ ಪದ. ಚಿತ್ರ."

"ಹೂಂ ಮೇಡಂ, ಚಿತ್ರ ಬೋ ಸಂದಾಗ್ ಬಂದೈತೆ. ಎಲ್ರೂ ಅದ್ನೇ ಹೇಳ್ತಾರೆ."

"ನಂಗೆ ಕಣ್ಣು ಕಾಣಲ್ಲ ಸರ್. ಫೋನ್ ಓದಿ ಹೇಳುತ್ತೆ, ನಾನು ಕೇಳಿಸ್ಕೋತೀನಿ. ನಿಮ್ದು ಚಿತ್ರ ಅಂತ ಹೇಳಿ ಸುಮ್ನಾಗುತ್ತೆ."

ಸದಾಶಿವಯ್ಯನವರು ಪೆಚ್ಚಾದರು. ಆಮೇಲೆ, ತಮ್ಮ ಅಂಗಡಿಗೆ ಕಣ್ಣು ಕಾಣದವರು ಯಾರೇ ಬಂದರೂ ಕೂರಿಸಿ, ಕೊಬ್ಬರಿಯನ್ನು ಕೈಗೇ ಕೊಟ್ಟು, ದರ ಹೇಳುವುದಾಗಿ ವಿವರಿಸಿದರು. ಆಕೆ ನಕ್ಕು, ಇಂಟರ್ನೆಟ್ಟಿನಲ್ಲಿರುವ ಅಂಗಡಿಯೂ ಅಂಗಡಿಯೇ, ಅದರ ಬಾಗಿಲೂ ಎಲ್ಲರಿಗೂ ತೆರೆದಿರಬೇಕೆಂದು ಅಂಗವಿಕಲರ ಹಕ್ಕುಗಳ ಕಾಯ್ದೆ ಇದೆ ಎಂದರು. ಮಾತಾಡದ ವೆಬ್‌ಸೈಟಿನವರನ್ನು ಸೇರಿಸಿಕೊಂಡರೆ ನಾಳೆ ಕೇಸು ತಮ್ಮ ತಲೆಗೆ ಬರುತ್ತದೆಂದು ಕಂಪನಿಯ ವಕೀಲರು ಹೇಳಿದ್ದಾರಂತೆ. ಸೋಮವಾರದೊಳಗೆ ಸರಿಯಾಗದಿದ್ದರೆ ಸಂಕ್ರಾಂತಿ ಆರ್ಡರು ಬೇರೆಯವರಿಗೆ.

ಇಷ್ಟೇನಾ ಎಂದಳು ಭಾನು. ಚಿತ್ರದ ಹಿಂದೆ ಅದರಲ್ಲೇನಿದೆ ಎಂದು ನಾಲ್ಕು ಮಾತು ಬರೆದರಾಯಿತು, ಫೋನು ಓದಿಕೊಳ್ಳುತ್ತದೆ. ಅವಳು ಮೊಬೈಲ್ ಹಿಡಿದು ಕೂತಳು. ಸದಾಶಿವಯ್ಯ ಹೇಳತೊಡಗಿದರು. ದೇವರಾಯಿತು, ತಾವಾಯಿತು. ಆಮೇಲೆ ಯಾರನ್ನು ಹೇಳಲಿ ಎಂದು ಅವಳನ್ನೇ ಕೇಳಿದರು.

ಫ್ಲೆಕ್ಸ್ ಮಾಡಿಸುವಾಗ ಅವರು ತೋರಿದ ಜಾಣತನ ಈಗ ಉಲ್ಟಾ ಹೊಡೆದಿತ್ತು. ಯಾರೂ ಮುನಿಸಿಕೊಳ್ಳದಿರಲಿ ಎಂದು ಎಲ್ಲರ ಮುಖವನ್ನೂ ಒಂದೇ ಅಳತೆಗೆ ತಂದು ಸುತ್ತಲೂ ಕೂರಿಸಿದ್ದರು. ಸುತ್ತ ಕೂತವರಲ್ಲಿ ಮೊದಲಿಗರು ಯಾರು, ಕೊನೆಯವರು ಯಾರು? ಕಣ್ಣು ಎಲ್ಲರನ್ನೂ ಒಟ್ಟಿಗೇ ನೋಡಿಬಿಡುತ್ತದೆ. ಕಿವಿ ಹಾಗಲ್ಲ, ಒಬ್ಬರಾದ ಮೇಲೆ ಒಬ್ಬರು ಬರಬೇಕು.

ಹಿರಿಯಳೆಂದು ದಂಡಿನಶಿವರದ ಅಕ್ಕ ಹೊಂಬಾಳಮ್ಮನನ್ನು ಮೊದಲು ಬರೆಸಿದರು. ಮುದ್ದೆ ಬಡಿಸುತ್ತಿದ್ದ ಹೆಂಡತಿ ಕಲ್ಲಮ್ಮ, ತನ್ನ ತಮ್ಮ ಎಲ್ಲಿ ಬರುತ್ತಾನೆಂದು ಕೇಳಿದರು. ಕೊನೆಯಲ್ಲಿ ಎಂದು ಭಾನು ಯೋಚನೆಯಿಲ್ಲದೆ ಹೇಳಿಬಿಟ್ಟಳು. ಮಧ್ಯಾಹ್ನದ ಹೊತ್ತಿಗೆ ಆ ತಮ್ಮ ಯೋಗೀಶ್ ಶೆಟ್ಟಿಕೆರೆಯಿಂದ ಬಸ್ ಹತ್ತಿ ಬಂದು ಅಂಗಡಿಯ ಮೂಟೆಯ ಮೇಲೆ ಕೂತಿದ್ದ.

"ಭಾವ, ಏಣಿ ಹತ್ತಿ ಆ ಫ್ಲೆಕ್ಸ್ ಕಟ್ಟಿದ್ದು ಯಾರು? ನಾನು. ಈಗ ನೋಡಿದ್ರೆ ಕಣ್ ಕಾಣ್ದಿರೋರ ಮುಂದೆ ನನ್ನ ಕೊನೇಲಿ ನಿಲ್ಲುಸ್ತಾ ಇದೀರಿ."

ಹಾಗಾದರೆ ಅಕ್ಷರಮಾಲೆಯ ಪ್ರಕಾರ ಹಾಕೋಣ, ಯಾರೂ ಬಾಯಿ ತೆಗೆಯುವಂತಿಲ್ಲ ಎಂದಳು ಭಾನು. ಹಾಕಿದಳು. ಕಲ್ಲಮ್ಮ ಎಲ್ಲರಿಗಿಂತ ಮೊದಲು ಬಂದರು. ಹ ಅಕ್ಷರದ ಹೊಂಬಾಳಮ್ಮ ಕಟ್ಟಕಡೆಗೆ ಹೋದರು. ಸುದ್ದಿ ದಂಡಿನಶಿವರ ಮುಟ್ಟಲು ತಡವಾಗಲಿಲ್ಲ.

"ಲೇ ಸದಾಶಿವ," ಎಂದರು ಅಕ್ಕ ಫೋನಿನಲ್ಲಿ. "ನಿನ್ನೆಂಡ್ತಿ ಮೊದ್ಲು, ನಾನು ಕೊನೆ. ಇದ್ನ ಹೇಳಕ್ಕೆ ಕಾನೂನು ಯಾಕ್ ಬೇಕಿತ್ಲಾ, ಮದ್ವೆ ಆದಾಗಿಂದ ಗೊತ್ತಿರೋದೇಯ."

ಸದಾಶಿವಯ್ಯ ಹಿರಿತನದ ಲೆಕ್ಕಕ್ಕೇ ಮರಳಿದರು. ಮುನಿಸು ಕರಗಲಿ ಎಂದು ಒಬ್ಬೊಬ್ಬರ ಹೆಸರಿಗೂ ಊರು, ಸಂಬಂಧ, ಒಂದೊಂದು ಹೊಗಳಿಕೆ ಸೇರಿಸಿದರು. ಯೋಗೀಶ್ ಯುವ ಮುಖಂಡನಾದ. ಭಾನುವಾರ ಬೆಳಿಗ್ಗೆ ಸೌಂದರ್ಯ ಮತ್ತೆ ಫೋನ್ ಮಾಡಿದರು. ಪರೀಕ್ಷೆ ಪಾಸಾಯಿತೆಂದೇ ತಿಳಿದ ಸದಾಶಿವಯ್ಯ ಎದ್ದು ನಿಂತು ಮಾತಾಡಿದರು.

"ಸರ್, ನಿಮ್ಮ ಮನೆಯವರೆಲ್ಲ ಪರಿಚಯ ಆದ್ರು, ಸಂತೋಷ. ಆದ್ರೆ ಕೊಬ್ಬರಿ ಯಾವಾಗ ಬರುತ್ತೆ?"

ಕೊಳ್ಳಲು ಬಂದವರು ಇಡೀ ವಂಶಾವಳಿ ದಾಟಿ ದರ ತಿಳಿಯಬೇಕಾದರೆ ಅದು ತೆರೆದ ಬಾಗಿಲಲ್ಲ ಎಂದು ಆಕೆ ಸಮಾಧಾನವಾಗಿ ಹೇಳಿದರು. ದರ, ಫೋನ್ ನಂಬರನ್ನು ಚಿತ್ರದಿಂದ ಹೊರತಂದು ಅಕ್ಷರದಲ್ಲೇ ಬರೆಯಬೇಕು. ವ್ಯಾಪಾರಕ್ಕೆ ಸಂಬಂಧವಿಲ್ಲದ, ಬರೀ ಚೆಂದಕ್ಕಿರುವ ಚಿತ್ರಗಳಿಗೆ ಅಲಂಕಾರ ಎಂದು ಗುರುತು ಹಾಕಿದರೆ ಫೋನು ಅವನ್ನು ಓದದೆ ಮುಂದಕ್ಕೆ ಹೋಗುತ್ತದೆ.

ಭಾನು ಫ್ಲೆಕ್ಸಿನ ಚಿತ್ರವನ್ನು ತುಂಡು ತುಂಡು ಮಾಡಿದಳು. ಕೊಬ್ಬರಿಯ ಚಿತ್ರಕ್ಕೆ ನಾಲ್ಕು ಮಾತು ಬರೆದಳು. ಅತ್ತೆ, ಮಾವ, ದೊಡ್ಡಮ್ಮ ಒಬ್ಬೊಬ್ಬರಿಗೂ ಅಲಂಕಾರದ ಗುರುತು ಒತ್ತುತ್ತ ಹೋಗಿ ನಡುವಿನ ಪೇಟದ ಹತ್ತಿರ ನಿಂತಳು.

"ನಂದು ಇರ್ಲಿ ಕಣಮ್ಮ. ನಾನು ಯಜಮಾನ."

"ನಿಮ್ಮನ್ನ ಕೆಜಿ ಲೆಕ್ಕದಲ್ಲಿ ಮಾರ್ತೀರಾ ದೊಡ್ಡಪ್ಪ?"

ಅಕ್ಕನನ್ನೂ ಭಾಮೈದನನ್ನೂ ಬಿಟ್ಟು ತಮ್ಮೊಬ್ಬರ ಹೆಸರನ್ನೇ ಫೋನು ಓದಿದರೆ ಮನೆಯಲ್ಲಿ ಏನಾಗುತ್ತದೆಂದು ಸದಾಶಿವಯ್ಯನವರಿಗೆ ಹೊಳೆಯಿತು. ಆರ್ಡರೂ ನೆನಪಾಯಿತು. ಕತ್ತು ಆ ಕಡೆ ತಿರುಗಿಸಿಕೊಂಡು, ಒತ್ತು ಎಂದರು.

ಸಂಜೆ ಎಲ್ಲರೂ ಕೇಳಲು ಬಂದು ನೆರೆದರು. ಭಾನು ಮೊಬೈಲನ್ನು ಮೇಜಿನ ಮೇಲಿಟ್ಟಳು. ತಿಪಟೂರು ಕೊಬ್ಬರಿ, ಅಟ್ಟದಲ್ಲಿ ಒಣಗಿದ್ದು, ಈ ವಾರದ ದರ ಇಷ್ಟು, ಫೋನ್ ನಂಬರು ಇಂಥದ್ದು ಎಂದು ಹೇಳಿ ಅದು ತೆಪ್ಪಗಾಯಿತು. ಹೊಂಬಾಳಮ್ಮ ಇನ್ನೂ ಕಿವಿಗೊಟ್ಟುಕೊಂಡೇ ಕೂತಿದ್ದರು.

"ಯೋಗೀಶುಂದು ಬರ್ಲಿಲ್ವಾ?" ಎಂದರು ಕೊನೆಗೆ.

"ಇಲ್ಲ ದೊಡ್ಡತ್ತೆ. ನಿಮ್ದೂ ಇಲ್ಲ."

"ಅವುಂದು ಇಲ್ಲ ತಾನೆ? ಸರಿ ಬುಡು."

ಯೋಗೀಶನೂ ಅದೇ ಪ್ರಶ್ನೆಯನ್ನು ಹೊಂಬಾಳಮ್ಮನ ಬಗ್ಗೆ ಕೇಳಿ ತಣ್ಣಗಾದ. ಹಾಗಾದರೆ ತಮ್ಮನ್ನೆಲ್ಲ ಏನೆಂದು ಹಾಕಿದ್ದಾರೆಂದು ಅವನು ವಿಚಾರಿಸಲು, ಭಾನು ಇದ್ದದ್ದನ್ನು ಇದ್ದಂತೆ ಹೇಳಿದಳು. ಯೋಗೀಶ್ ಮೀಸೆ ಸವರಿಕೊಂಡು ಎದ್ದ.

ಸೋಮವಾರ ಮಧ್ಯಾಹ್ನ ಆರ್ಡರು ಖಾಯಂ ಆಯಿತು. ಅಷ್ಟು ಹೊತ್ತಿಗೆ ಶೆಟ್ಟಿಕೆರೆಯ ಬಸ್‌ಸ್ಟಾಪಿನಲ್ಲಿ ಯೋಗೀಶ್ ಸಿಕ್ಕವರಿಗೆಲ್ಲ ಹೇಳಿಯಾಗಿತ್ತು: "ನಮ್ ಭಾವನ ಅಂಗ್ಡಿಗೆ ನಾನೇ ಅಲಂಕಾರ ಅಂತ ಕಾನೂನೇ ಒಪ್ಕೊಂಡೈತೆ ಕಣ್ಲಾ."