ಚಂದ್ರಿ ಒಂದೇ ಪತ್ರವನ್ನು ಮೂರು ಸಲ ಓದಿದ್ದು

೧

ಹೇಗೆ ಶುರು ಮಾಡಲಿ, ಹೇಳಿ. ನೀವು ಹೇಳುವುದಿಲ್ಲ, ಗೊತ್ತು. ಓದುವವರಿಗೆ ಅದೊಂದು ಸುಖ. ಕಾಲು ಚಾಚಿ ಕೂತು, ಇವನು ಏನು ಬಡಬಡಿಸುತ್ತಾನೋ ನೋಡೋಣ ಎಂದು ಕಾಯಬಹುದು. ನನಗೆ ಆ ಭಾಗ್ಯವಿಲ್ಲ. ಮೂರು ಆರಂಭ ಬರೆದೆ. ಎರಡನ್ನು ನಾನೇ ಹರಿದೆ, ಮೂರನೆಯದನ್ನು ಚಂದ್ರಿ ಹರಿದಳು.

ಚಂದ್ರಿ ಯಾರೆಂದರೆ, ನನ್ನ ಹೊಲಿಗೆ ಅಂಗಡಿಯ ಎದುರಿಗಿರುವ ಬೀಡಿ ಶೆಡ್ಡಿನ ಓದುಗಾರ್ತಿ. ಕಣ್ಣೂರಿನ ಈ ಕಡೆ ಅದೂ ಒಂದು ಕೆಲಸ. ಅರವತ್ತು ಜನ ಮಡಿಲಲ್ಲಿ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದರೆ ಒಬ್ಬಳು ಎತ್ತರದ ಸ್ಟೂಲಿನ ಮೇಲೆ ಕೂತು ಪತ್ರಿಕೆ, ಕಾದಂಬರಿ, ಕೋರ್ಟಿನ ತೀರ್ಪು, ಸಿಕ್ಕಿದ್ದನ್ನೆಲ್ಲ ಗಟ್ಟಿಯಾಗಿ ಓದುತ್ತಾಳೆ. ಓದುವಾಗ ಅವಳ ಕೈ ಖಾಲಿಯಲ್ಲವೇ? ಅದಕ್ಕೆ ಕೇಳುವವರು ತಮ್ಮ ತಮ್ಮ ಮೊರದಿಂದ ನಾಲ್ಕು ಬೀಡಿ ತೆಗೆದು ಅವಳ ಮೊರಕ್ಕೆ ಹಾಕುತ್ತಾರೆ. ಹಾಗೆ ಹಾಕಿದವರಿಗೆ ಒಂದು ಹಕ್ಕು ಉಂಟು. ಅವರಲ್ಲಿ ಯಾರೇ ಆಗಲಿ 'ಇನ್ನೊಮ್ಮೆ' ಎಂದರೆ ಅವಳು ಮೊದಲಿನಿಂದ ಮತ್ತೆ ಓದಲೇಬೇಕು. ಅವಳ ಮೇಲೂ ಒಂದು ಕಟ್ಟುಪಾಡು ಇದೆ: ಸ್ಟೂಲಿನ ಮೇಲೆ ಕೂತಷ್ಟು ಹೊತ್ತು ತನ್ನ ಅಭಿಪ್ರಾಯ ಹೇಳಕೂಡದು, ದನಿ ಏರಿಸಿ ಇಳಿಸಿ ಬಣ್ಣ ಹಚ್ಚಕೂಡದು. ಹಿಂದೊಬ್ಬ ಓದುಗಾರ ತನ್ನ ಪಕ್ಷದ ಸುದ್ದಿಯನ್ನು ಗುಡುಗಿ, ಎದುರು ಪಕ್ಷದ್ದನ್ನು ಕೆಮ್ಮುತ್ತಾ ಓದಿದ್ದಕ್ಕೆ ಶೆಡ್ಡಿನವರೇ ಅವನನ್ನು ಇಳಿಸಿದ್ದರು.

(ಇಷ್ಟು ವಿವರಣೆ ಸಾಕು. ಇನ್ನೂ ಬೇಕಾದವರು ಬಸ್ಸು ಹತ್ತಿ ಬನ್ನಿ. ಬರುವಾಗ ಕೊರೆಯುವ ಪ್ರಶ್ನೆ ತರಬೇಡಿ, ಊಟ ತನ್ನಿ.)

೨

ನಾನು ಹರಿಯದ ಆರಂಭ ಹೀಗಿತ್ತು: "ಮಬ್ಬು ಬೆಳಕಿನ ಆ ಶೆಡ್ಡಿನಲ್ಲಿ, ಬಾಗಿದ ಬೆನ್ನುಗಳ ನಡುವೆ, ಕೊನೆಯುಸಿರೆಳೆಯುತ್ತಿರುವ ಒಂದು ಸಂಸ್ಕೃತಿಯ ದಣಿದ ದನಿ ಕೇಳಿಸುತ್ತಿತ್ತು..."

ಚೆನ್ನಾಗಿದೆ ಅಲ್ಲವೇ? ನನಗೂ ಹಾಗೇ ಅನಿಸಿತ್ತು. ಇಪ್ಪತ್ತೆರಡು ವರ್ಷದಿಂದ ಈ ಊರಿನ ಅನ್ನ ತಿಂದವನು, ಒಂದು ಋಣ ತೀರಿಸಿದೆ ಎಂಬ ಹೆಮ್ಮೆ ಬೇರೆ. ಮಲಯಾಳಕ್ಕೆ ನಾನೇ ತಿರುಗಿಸಿ, ಸೋಮವಾರ ಚಂದ್ರಿಯ ಕೈಗೆ ಕೊಟ್ಟು, ಶೆಡ್ಡಿನ ಬಾಗಿಲಲ್ಲಿ ನಿಂತೆ. ಅವಳು ಓದಿದಳು. ಅಕ್ಕಿಯ ದರ ಓದುವಂತೆ ಓದಿದಳು.

ಮೊದಲು ಬಾಯಿ ಬಿಟ್ಟವರು ಪೊಕ್ಕೇಟ್ಟ. ಎಪ್ಪತ್ತು ದಾಟಿದವರು, ಶೆಡ್ಡಿನಲ್ಲೇ ಹಿರಿಯರು.

"ಇವನ್ಯಾರೋ ಮಾರಾಯಾ, ನಮ್ಮ ಬೆನ್ನು ನೋಡ್ಕೊಂಡು ಅಳ್ತಾನೆ?"

"ಅದು ಬರೀ ಅಳು ಅಲ್ಲ ಪೊಕ್ಕೇಟ್ಟ," ಎಂದಳು ರೀಜ. ಇಪ್ಪತ್ತೈದರ ಹುಡುಗಿ, ಬಾಯಿ ಕತ್ತರಿಗಿಂತ ಚುರುಕು. "ಬಹುಮಾನದ ಅಳು. ಎಲ್ಲೋ ಸ್ಪರ್ಧೆ ಇಟ್ಟಿದಾರೆ, ನೋಡಿ ಬೇಕಾದ್ರೆ."

ನನ್ನ ಕಿವಿ ಬಿಸಿಯಾಯಿತು. ಸ್ಪರ್ಧೆ ಇದ್ದದ್ದು ಕನ್ನಡದ ಪತ್ರಿಕೆಯಲ್ಲಿ. "ನಿಂಗೆ ಯಾರು ಹೇಳಿದ್ರು?" ಎಂದುಬಿಟ್ಟೆ.

"ಯಾರೂ ಹೇಳ್ಬೇಕಾಗಿಲ್ಲ ಟೈಲರ್ ಸಾರ್. ನಮ್ಮನ್ನ ಬಗ್ಗಿಸಿ ಬಗ್ಗಿಸಿ ಬರ್ದಿದೀರಿ. ಇಡೀ ಹಾಳೇಲಿ ಒಬ್ರೂ ಒಂದ್ ಸಲ ನಗಲ್ಲ. ಒಬ್ರೂ ಒಂದ್ ಸಲ ಮೂತ್ರಕ್ಕೂ ಏಳಲ್ಲ."

ಶೆಡ್ಡು ಶೆಡ್ಡೇ ನಕ್ಕಿತು. ಚಂದ್ರಿ ನಗಲಿಲ್ಲ. ಅವಳು ಸ್ಟೂಲಿನಿಂದ ಇಳಿದಳು, ಇಳಿದ ಮೇಲೆ ನನ್ನ ಮುಖ ನೋಡಿದಳು.

"ಮೇಲೆ ಕೂತಾಗ ನಂಗೆ ಅಭಿಪ್ರಾಯ ಇಲ್ಲ. ಈಗ ಇಳಿದಿದೀನಿ," ಎಂದು ಹಾಳೆಯನ್ನು ಎರಡಾಗಿ ಹರಿದು ನನ್ನ ಕೈಯಲ್ಲೇ ಇಟ್ಟಳು. ಸಿಟ್ಟು ಬಂತು ನನಗೆ. ಈಗಲೂ ಸ್ವಲ್ಪ ಇದೆ.

೩

ಮಾರನೆಯ ದಿನ ಮಂಗಳವಾರ. ಹನ್ನೊಂದು ಗಂಟೆಗೆ, ಶೆಡ್ಡು ನಡೆಸುವ ಸಹಕಾರ ಸಂಘದ ಕಾರ್ಯದರ್ಶಿ ದಿವಾಕರನ್ ಬಂದರು, ಕಂಕುಳಲ್ಲಿ ಚರ್ಮದ ಬ್ಯಾಗು. ಅದರಲ್ಲಿ ಎರಡು ಹಾಳೆ: ಒಂದು ಸಂಘದ ಕೇಂದ್ರ ಕಚೇರಿಯಿಂದ ಕೆಲಸಗಾರರಿಗೆ ಬರೆದ ಪತ್ರ, ಇನ್ನೊಂದು ಸಹಿ ಮಾಡಲು ಗೆರೆ ಎಳೆದದ್ದು. ಚಂದ್ರಿಯನ್ನು ನನ್ನ ಅಂಗಡಿಯ ಜಗುಲಿಗೆ ಕರೆದರು. ನಾನು ಮಿಷನ್ ತುಳಿಯುವುದನ್ನು ನಿಲ್ಲಿಸಿ ಎಲ್ಲ ಕೇಳಿಸಿಕೊಂಡೆ. (ನಾಚಿಕೆಯೇ? ಕಥೆ ಬರೆಯುವವನಿಗೆ?)

"ಇದನ್ನ ಓದಿ ಸಹಿ ಮಾಡಿಸ್ಬೇಕು ಚಂದ್ರಿ. ಸ್ವಲ್ಪ ಭಾವ ಹಾಕಿ ಓದು. ಕಣ್ಣಲ್ಲಿ ನೀರು ಬರೋ ಹಾಗೆ."

"ಭಾವ ಬೇಕಾದ್ರೆ ನೀವೇ ಓದಿ ಸಾರ್."

"ನಾನು ಓದಿದ್ರೆ ಯಾರು ನಂಬ್ತಾರೆ?" ಅದನ್ನು ಅವರು ನಿಜಕ್ಕೂ ಬೇಸರದಿಂದಲೇ ಹೇಳಿದರು. "ನೋಡು, ಇದು ಮೇಲಿಂದ ಬಂದದ್ದು. ಸಹಿ ಆದ್ರೆ ನಿಂಗೆ ಗೌರವ, ಪತ್ರದಲ್ಲಿರೋ ಆ ಗಾಜಿನ ಪೆಟ್ಟಿಗೆ ಪಕ್ಕ ನಿನ್ನ ಫೋಟೋ. ಆಗದಿದ್ರೆ ನಿನ್ನನ್ನ ಪಯ್ಯನ್ನೂರಿನ ಪ್ಯಾಕಿಂಗಿಗೆ ಹಾಕ್ತಾರೆ. ನನ್ನ ಕೈಲಿಲ್ಲ."

ಚಂದ್ರಿ ಪತ್ರವನ್ನು ಮನಸ್ಸಿನಲ್ಲೇ ಓದಿಕೊಂಡಿದ್ದಳು.

"ಫೋಟೋಗೆ ಹಾರ ಹಾಕ್ತೀರೋ, ಹಾಗೇ ಬಿಡ್ತೀರೋ?"

ದಿವಾಕರನ್ ಬ್ಯಾಗಿನ ಜಿಪ್ಪು ಎಳೆದುಕೊಂಡರು.

ಇದರ ಹಿಂದಿನದು ಒಂದು ಮಾತು. ಕಳೆದ ಮಳೆಗಾಲದಲ್ಲಿ ಪಿಂಚಣಿಯ ಬಗ್ಗೆ ಬಂದ ಒಂದು ತೀರ್ಪನ್ನು ಚಂದ್ರಿ ನಾಲ್ಕು ದಿನ ಕೂತು ಪೂರ್ತಿ ಓದಿದ್ದಳು. ಐದನೆಯ ದಿನ ಅರವತ್ತೂ ಜನ ಎದ್ದು ಪಿಂಚಣಿ ಕೇಳಲು ಕಚೇರಿಗೆ ನಡೆದರು, ಯಾವ ಪುಟದಲ್ಲಿ ಏನಿದೆ ಎಂದು ಬಾಯಿಪಾಠ ಒಪ್ಪಿಸಿದರು. ಕಚೇರಿಗೆ ಅಂದಿನಿಂದ ಆ ಸ್ಟೂಲಿನ ಮೇಲೆ ಕಣ್ಣು.

೪

ನಾಲ್ಕನೆಯದು ಇಲ್ಲ. ಅದರಲ್ಲಿ ನಾನು ಚಂದ್ರಿಯ ಬಾಲ್ಯ ಬರೆದಿದ್ದೆ, ಬಡತನ ಗಿಡತನ ಎಲ್ಲ ಹಾಕಿ. ಬ್ಲೌಸ್ ಅಳತೆಗೆ ಬಂದವಳು ಓದಿದಳು. "ನಾನು ಹುಟ್ಟಿದ್ದಕ್ಕೂ ಆ ಪತ್ರಕ್ಕೂ ಏನ್ ಸಂಬಂಧ? ತೋಳು ಬಿಗಿ ಮಾಡ್ಬೇಡಿ," ಎಂದಳು. ತೆಗೆದುಹಾಕಿದೆ.

೫

ಪತ್ರ ಇದು. ನನ್ನ ಅನುವಾದದಲ್ಲಿ ಸ್ವಲ್ಪ ಮೆರುಗು ಕಳೆದಿರಬಹುದು.

"ಪ್ರೀತಿಯ ಸಂಗಾತಿಗಳೇ, ನಿಮ್ಮ ಶೆಡ್ಡು ಬರೀ ಶೆಡ್ಡಲ್ಲ, ಈ ನಾಡಿನ ವಿಶ್ವವಿದ್ಯಾಲಯ. ಇಲ್ಲಿ ಬೀಡಿಯ ಜೊತೆಗೆ ಮನುಷ್ಯರೂ ರೂಪುಗೊಂಡರು. ನಿಮ್ಮ ಸರಳತೆ, ನಿಮ್ಮ ತ್ಯಾಗ, ನಿಮ್ಮ ಜ್ಞಾನದಾಹ ಎಂದಿಗೂ ಮರೆಯಲಾಗದ್ದು. ಈ ಮಹಾನ್ ಪರಂಪರೆಯನ್ನು ಶಾಶ್ವತವಾಗಿ ಉಳಿಸುವ ಹಂಬಲದಿಂದ ಓದುವ ಸ್ಟೂಲನ್ನು ಕೇಂದ್ರ ಕಚೇರಿಯ ಗಾಜಿನ ಪೆಟ್ಟಿಗೆಯಲ್ಲಿ ಗೌರವದಿಂದ ಇರಿಸಲು ತೀರ್ಮಾನಿಸಿದ್ದೇವೆ. ಬರುವ ತಿಂಗಳಿನಿಂದ ನಿಮ್ಮ ದಣಿವಾರಿಸಲು ಧ್ವನಿವರ್ಧಕದಲ್ಲಿ ಮಧುರ ಗೀತೆಗಳು ಕೇಳಿಬರಲಿವೆ. ನಿಮ್ಮ ಒಪ್ಪಿಗೆಯ ಸಹಿ ಕೋರುತ್ತೇವೆ."

ನೀವು ಜಾಣರು, ಒಂದೇ ಸಲಕ್ಕೆ ಹಿಡಿದುಬಿಟ್ಟಿರಿ. ಕೈಯಲ್ಲಿ ಕೆಲಸವಿಲ್ಲದೆ ಓದುತ್ತಿದ್ದೀರಿ ನೋಡಿ, ಅದಕ್ಕೆ. ದಿನವಿಡೀ ಎಲೆ ಕತ್ತರಿಸುವವರನ್ನು ಯಾರಾದರೂ ವಿಶ್ವವಿದ್ಯಾಲಯ ಎಂದು ಕರೆದರೆ ಮೊದಲು ಎದೆ ತುಂಬುತ್ತದೆ. ಅದರಲ್ಲಿ ತಪ್ಪೇನು?

ಚಂದ್ರಿ ಎಂದಿನ ದನಿಯಲ್ಲಿ ಓದಿ ಮುಗಿಸಿದಳು. ಮೂಗು ಸೀಟಿದ ಸದ್ದು. ಪೊಕ್ಕೇಟ್ಟ ಮುಂಡಿನ ತುದಿಯಿಂದ ಕಣ್ಣೊರೆಸಿಕೊಂಡರು. "ನಮ್ಮನ್ನ ಹೀಗೆ ಯಾರು ಕರ್ದಿದ್ರು ಇಷ್ಟು ದಿನ?" ಎಂದು ಮೊದಲ ಸಹಿ ಹಾಕಿದ್ದೂ ಅವರೇ. ಹಾಳೆ ಮೊದಲ ಸಾಲಿನಲ್ಲಿ ಸರಿಯತೊಡಗಿತು. ಎರಡು, ಮೂರು, ಆರು ಸಹಿ.

ಚಂದ್ರಿ ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದಳು. ಅವಳಿಗೆ ಭಯವಾಯಿತು, ಹೇಳಿಬಿಡುತ್ತೇನೆ. ಹನ್ನೆರಡು ವರ್ಷ ಓದಿದ ಜಾಗ, ಕಣ್ಣೆದುರೇ ಪೆನ್ನಿನ ತುದಿಯಲ್ಲಿ ಹೋಗುತ್ತಿದೆ. ಬಾಯಿ ತೆರೆದರೆ ಕಟ್ಟುಪಾಡು ಮುರಿದಂತೆ, ಆಗ ಕಚೇರಿ ಬೇಕಿಲ್ಲ, ಶೆಡ್ಡೇ ಅವಳನ್ನು ಇಳಿಸುತ್ತದೆ. ಒಬ್ಬರು, ಒಬ್ಬರಾದರೂ 'ಇನ್ನೊಮ್ಮೆ' ಅನ್ನಬಾರದೇ? ರೀಜಳ ಕಡೆ ನೋಡಿದಳು. ರೀಜ ತಲೆ ತಗ್ಗಿಸಿ ದಾರ ಸುತ್ತುತ್ತಿದ್ದಳು.

೫ (ಇನ್ನೊಂದು ಬಗೆ)

ಇಲ್ಲಿ ನಾನು ತಡೆಯಲಾರದೆ ಕಥೆಯೊಳಗೆ ನುಗ್ಗಿದ್ದೆ. ಬಾಗಿಲಲ್ಲಿ ನಿಂತು, ಟೇಪು ಕೊರಳಲ್ಲಿ ನೇತಾಡುತ್ತಿರುವಂತೆಯೇ, "ಇನ್ನೊಮ್ಮೆ!" ಎಂದು ಕೂಗಿದ್ದೆ. ಅದ್ಭುತ ದೃಶ್ಯ. ಪೊಕ್ಕೇಟ್ಟ ತಿರುಗಿ ನೋಡಿ, "ನೀನು ಯಾವಾಗ ಅವಳ ಮೊರಕ್ಕೆ ಬೀಡಿ ಹಾಕಿದ್ದೆ?" ಎಂದು ಕೇಳಿದರು. ಆ ದೃಶ್ಯವನ್ನೇ ಹೊಡೆದುಹಾಕಿದೆ. ನನ್ನದೇ ಕಥೆಯಲ್ಲಿ ನನಗೆ ಬಾಯಿಲ್ಲ, ನೋಡಿ ಅವಸ್ಥೆ.

೬

ನಡೆದದ್ದು ಹೀಗೆ. ಚಂದ್ರಿ ಸ್ಟೂಲಿನಿಂದ ಇಳಿದಳು. ತನ್ನ ಮೊರದ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಳು. ಒಂದು ಎಲೆ ತೆಗೆದು ಕತ್ತರಿಸಿದಳು, ಚಿಟಿಕೆ ಹೊಗೆಸೊಪ್ಪು ಹರಡಿ ಸುತ್ತಿದಳು, ಉಗುರಿನಿಂದ ಬಾಯಿ ಮಡಿಸಿ ಕೆಂಪು ದಾರ ಕಟ್ಟಿದಳು. ಆ ಬೀಡಿಯನ್ನು ಓದುಗಾರ್ತಿಯ ಪಾಲಿಗೆ, ಅಂದರೆ ತನ್ನದೇ ಪಾಲಿಗೆ, ಹಾಕಿದಳು. ಆಮೇಲೆ ಖಾಲಿ ಸ್ಟೂಲಿನ ಕಡೆ ಮುಖ ಮಾಡಿ ಗಟ್ಟಿಯಾಗಿ ಹೇಳಿದಳು:

"ಇನ್ನೊಮ್ಮೆ."

ಹೇಳಿ ಎದ್ದು, ಸೆರಗು ಕೊಡವಿ, ಸ್ಟೂಲು ಹತ್ತಿ ಕೂತಳು.

"ಇದೆಂಥ ನಾಟಕ ಚಂದ್ರಿ?" ದಿವಾಕರನ್ ಎದ್ದು ನಿಂತರು.

"ಬೀಡಿ ಹಾಕಿದಾಳಲ್ಲ ಸಾರ್," ಎಂದರು ಪೊಕ್ಕೇಟ್ಟ, ಕಣ್ಣು ಇನ್ನೂ ಒದ್ದೆ. "ಹಾಕಿದೋರು ಕೇಳಿದ್ರೆ ಓದ್ಲೇಬೇಕು. ನೀವು ಕೂತ್ಕೊಳ್ಳಿ."

ಅವಳು ಓದಿದಳು. ಅದೇ ದನಿ, ಅದೇ ನಿಧಾನ, ಒಂದು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. "ಸರಳತೆ, ತ್ಯಾಗ, ಎಂದಿಗೂ ಮರೆಯಲಾಗದ್ದು" ಎಂಬಲ್ಲಿಗೆ ಬಂದಾಗ ರೀಜಳ ಕೈ ನಿಂತಿತು.

"ತಾಳಿ ತಾಳಿ. ಇದು ಹನ್ನೊಂದನೇ ಪುಟ ಅಲ್ವಾ?"

ಹನ್ನೊಂದನೆಯ ಪುಟ ಮರಣವಾರ್ತೆಯದ್ದು. ಚಂದ್ರಿ ದಿನಾ ತಪ್ಪದೆ ಓದುವ ಪುಟ, ಶೆಡ್ಡು ಉಸಿರು ಬಿಗಿಹಿಡಿದು ಕೇಳುವ ಪುಟ. ಸರಳ ಸ್ವಭಾವದವರು, ಎಲ್ಲರಿಗೂ ಬೇಕಾದವರು, ತುಂಬಲಾರದ ನಷ್ಟ.

"ಹೌದಲ್ಲೇ," ಎಂದಿತು ಹಿಂದಿನ ಸಾಲು. "ಸತ್ತೋರು ಯಾರು?"

"ಯಾರಿರ್ತಾರೆ? ನಾವೇ!" ಎಂದಳು ರೀಜ. "ಬದುಕಿರೋರನ್ನ ಯಾರಾದ್ರೂ ಹೀಗೆ ಹೊಗಳ್ತಾರಾ? ನಿನ್ನೆ ಟೈಲರ್ ಸಾರ್ ಕೂಡ ಹೀಗೇ ಅತ್ಕೊಂಡು ಬಂದಿದ್ರು. ಅವ್ರಿಗೆ ಬಹುಮಾನ ಬೇಕಿತ್ತು. ಇವ್ರಿಗೆ ಸ್ಟೂಲು ಬೇಕು."

(ಈ ವಾಕ್ಯವನ್ನು ಬಿಟ್ಟುಬಿಡಬಹುದಿತ್ತು. ಬಿಡಲಿಲ್ಲ. ನನಗೂ ಮಾನವಿದೆ.)

ಪೊಕ್ಕೇಟ್ಟ ಕಣ್ಣೊರೆಸಿಕೊಂಡರು, ಈ ಸಲ ಬೇರೆ ಕಾರಣಕ್ಕೆ. ಅವರ ಮುಖ ಕೆಂಪಾಗಿತ್ತು. "ಇನ್ನೊಮ್ಮೆ ಓದು ಮಗಳೇ. ಗಟ್ಟಿಯಾಗಿ."

ಮೂರನೆಯ ಸಲ ಓದುವಾಗ ಸಾಲು ಸಾಲಿಗೂ ನಗು ಬಂತು. ವಿಶ್ವವಿದ್ಯಾಲಯ ಎಂದಾಗ ಯಾರೋ "ರಜೆ ಯಾವಾಗ?" ಎಂದರು. ಗಾಜಿನ ಪೆಟ್ಟಿಗೆ ಎಂದಾಗ "ಪೊಕ್ಕೇಟ್ಟನನ್ನೂ ಅದರೊಳಗೇ ಕೂರ್ಸಿ, ಜಾಗ ಇರುತ್ತೆ" ಎಂದರು. ಮಧುರ ಗೀತೆಗಳು ಎಂದಾಗ ಮಾತ್ರ ಯಾರೂ ನಗಲಿಲ್ಲ. ಆ ಗೀತೆ ಶುರುವಾದ ಮೇಲೆ ಮುಂದಿನ ತೀರ್ಪನ್ನು ಓದುವವರು ಯಾರು ಎಂಬುದು ಎಲ್ಲರಿಗೂ ಒಟ್ಟಿಗೇ ಹೊಳೆಯಿತು.

ಚಂದ್ರಿ ಒಂದು ಮಾತನ್ನೂ ಸೇರಿಸಿರಲಿಲ್ಲ, ನೆನಪಿಡಿ.

೭

ಈಗ ಮುಗಿಸಬೇಕಂತೆ. ಯಾರು ಹೇಳಿದ್ದು? ಇರಲಿ, ಎರಡು ಮುಗಿತಾಯ ಇವೆ, ಆರಿಸಿಕೊಳ್ಳಿ.

ಅ) ಚಂದ್ರಿ ಪಯ್ಯನ್ನೂರಿಗೆ ಹೋಗುತ್ತಾಳೆ. ಖಾಲಿ ಶೆಡ್ಡಿನಲ್ಲಿ ಧ್ವನಿವರ್ಧಕ ಹಾಡುತ್ತದೆ. ನೀವು ಕಣ್ಣೊರೆಸಿಕೊಳ್ಳುತ್ತೀರಿ.

ಆ) ಕಚೇರಿ ಮಣಿಯುತ್ತದೆ. ಬಾವುಟ, ಜೈಕಾರ. ನೀವು ಚಪ್ಪಾಳೆ ತಟ್ಟಿ ದೀಪ ಆರಿಸುತ್ತೀರಿ.

ಚಂದ್ರಿ ಎರಡನ್ನೂ ಓದಿ, ನನ್ನ ಸೀಮೆಸುಣ್ಣ ಎತ್ತಿಕೊಂಡು ಎರಡರ ಮೇಲೂ ಗೆರೆ ಎಳೆದಳು. "ಎರಡ್ರಲ್ಲೂ ನಮ್ಮನ್ನ ಮುಗಿಸಿಬಿಟ್ಟಿದೀರಿ. ಯಾಕ್ ಅಷ್ಟೊಂದು ಅವಸರ ನಿಮ್ಗೆ?"

ಹಾಗಾಗಿ ಆಮೇಲೆ ಏನಾಯಿತು ಎಂದು ನಾನು ಹೇಳುವುದಿಲ್ಲ. ಗೊತ್ತಿಲ್ಲ ಎಂದಲ್ಲ, ಚೆನ್ನಾಗಿ ಗೊತ್ತಿದೆ. ಹೇಳಿದರೆ ನೀವು ಅಳುತ್ತೀರಿ ಇಲ್ಲವೇ ಚಪ್ಪಾಳೆ ತಟ್ಟುತ್ತೀರಿ, ಎರಡೂ ನನಗೆ ಬೇಡ. ಬೈಯುವುದಾದರೆ ಬೈಯಿರಿ. ಆ ಮಂಗಳವಾರದ ಇನ್ನೈದು ನಿಮಿಷ ಮಾತ್ರ ಕೊಡುತ್ತೇನೆ.

ಪೊಕ್ಕೇಟ್ಟ ಸಹಿಯ ಹಾಳೆ ತರಿಸಿಕೊಂಡು ತಮ್ಮ ಹೆಸರಿಗೆ ಅಡ್ಡಗೆರೆ ಹೊಡೆದರು. ಉಳಿದ ಐವರೂ ಹೊಡೆದರು. ಹಾಳೆಯ ಬೆನ್ನಿಗೆ ರೀಜ ಉತ್ತರ ಬರೆದಳು, ಶೆಡ್ಡು ಹೇಳಿಕೊಟ್ಟಿತು: "ಪತ್ರ ಮೂರು ಸಲ ಓದಿದೆವು. ನೀವು ಬರೆದದ್ದು ಕೇಳಿಸಿತು, ಬರೆಯದೆ ಬಿಟ್ಟದ್ದೂ ಕೇಳಿಸಿತು. ನಾವು ಸತ್ತಿಲ್ಲ. ಸ್ಟೂಲಿನ ಮೇಲೆ ಜನ ಇದ್ದಾರೆ, ಕೊಡುವುದಿಲ್ಲ. ನಾಳೆಯ ಓದು ಒಂಬತ್ತು ಗಂಟೆಗೆ." ಕೆಳಗೆ ಅರವತ್ತೊಂದು ಸಹಿ. ಕೊನೆಯದು ಚಂದ್ರಿಯದು, ಅದನ್ನು ಹಾಕಲು ಅವಳು ಸ್ಟೂಲಿನಿಂದ ಇಳಿದು ಬಂದಿದ್ದಳು.

ದಿವಾಕರನ್ ಹಾಳೆ ತೆಗೆದುಕೊಂಡರು. ಕನ್ನಡಕ ಹಾಕಿ, ಗೋಡೆಯ ಕಡೆ ತಿರುಗಿ, ತುಟಿಯಲ್ಲೇ ಓದಿಕೊಳ್ಳತೊಡಗಿದರು.

"ಸಾರ್," ಎಂದಳು ಚಂದ್ರಿ. ಸ್ಟೂಲನ್ನು ಎರಡೂ ಕೈಯಲ್ಲಿ ಎತ್ತಿ ತಂದು ಅವರ ಪಕ್ಕದಲ್ಲಿಟ್ಟಳು. "ಇಲ್ಲಿ ಹಾಗೆ ಒಳಗೊಳಗೇ ಓದೋ ಹಾಗಿಲ್ಲ. ಹತ್ತಿ ಕೂತು ಜೋರಾಗಿ ಓದಿ. ಭಾವ ಬೇಡ."