ಟೆಂಟಿನೊಳಗಿನ ಅಗ್ಗಿಷ್ಟಿಕೆ

ಹಾನ್ಲೆಯ ಚಳಿ ಅಂದರೆ ತಮಾಷೆಯಲ್ಲ. ಬಕೆಟ್ಟಿನ ನೀರು ಬೆಳಗಾಗುವಷ್ಟರಲ್ಲಿ ಕಲ್ಲು. ಅಂಥ ಊರಲ್ಲಿ ಸ್ತೋಬ್ದನ್ ಮುದುಕನ ಮೊಮ್ಮಗಳು ಕುಂಝೆಸ್ ಹಟ ಹಿಡಿದು ಕೂತಿದ್ದಳು. ಲೇಹ್‌ನಿಂದ ಇಬ್ಬರು ಗೆಳತಿಯರನ್ನು ಕರೆತಂದಿದ್ದಾಳೆ. ಮೂವರೂ ನಕ್ಷತ್ರ ನೋಡಿ ಹೊಸ ಟೆಂಟಿನಲ್ಲೇ ಮಲಗಬೇಕಂತೆ.

ಮೊಮ್ಮಗಳೆಂದರೆ ಮುದುಕನಿಗೆ ಪ್ರಾಣ. ಹೊತ್ತು ಮುಳುಗುವ ಮೊದಲೇ ಬೆರಣಿ ಕೆಂಡವನ್ನು ಅಗ್ಗಿಷ್ಟಿಕೆಗೆ ತುಂಬಿ ಟೆಂಟಿನೊಳಗಿಟ್ಟ. ಜಿಪ್ ಎಳೆದುಕೊಂಡು ಸ್ವಲ್ಪ ಹೊತ್ತು ತಾನೇ ಕೂತು ನೋಡಿದ. ಆಹಾ, ಬೆಚ್ಚಗಿದೆ! ಹೊರಗೆ ಬಂದಾಗ ತಲೆ ಮಾತ್ರ ಸಿಡಿಯುತ್ತಿತ್ತು.

ಅಷ್ಟರಲ್ಲಿ ಪಕ್ಕದ ಮನೆಯ ಛುಸ್ಕಿತ್ ಬಂದಳು. ಊರಿನ ಆಶಾ ಕಾರ್ಯಕರ್ತೆ. ಕಣ್ಣು ಚುರುಕು, ನಾಲಿಗೆ ಇನ್ನೂ ಚುರುಕು.

"ಜುಲೇ, ಮೇಮೇ," ಎಂದು ಅಜ್ಜನಿಗೆ ನಮಸ್ಕಾರ ಹೇಳಿದಳು. "ತಲೆ ಯಾಕೆ ಹಿಡ್ಕೊಂಡಿದ್ದೀರಿ?"

"ನಿನ್ನೆ ಕುಡಿದ ಛಾಂಗ್ ಕಣೇ, ಇನ್ನೂ ಇಳಿದಿಲ್ಲ."

ಅವಳು ಟೆಂಟಿನೊಳಗೆ ಇಣುಕಿದಳು. "ಅಯ್ಯೋ, ಕೆಂಡ! ಪಾಪ, ಛಾಂಗ್ ಮೇಲೆ ಯಾಕೆ ಗೂಬೆ ಕೂರಿಸ್ತೀರಿ? ಮೊದಲು ಇದನ್ನ ಹೊರಗೆ ಹಾಕಿ."

"ಹೊರಗೆ ಹಾಕಿದ್ರೆ ಮಕ್ಕಳು ಚಳಿಗೆ ಸಾಯ್ತಾರೆ."

"ಒಳಗಿಟ್ಟರೆ ಕೆಂಡಕ್ಕೆ ಸಾಯ್ತಾರೆ."

ಮುದುಕನಿಗೆ ಸಿಟ್ಟು ನೆತ್ತಿಗೇರಿತು. "ನಾನೇನು ನಿನ್ನೆ ಮೊನ್ನೆ ಹುಟ್ಟಿದವನಾ? ಮೇಕೆ ಮೇಯಿಸ್ಕೊಂಡು ಅರವತ್ತು ಚಳಿಗಾಲ ರೆಬೋದಲ್ಲಿ ಕಳೆದಿದ್ದೀನಿ. ನಡುವೆ ಬೆಂಕಿ, ಸುತ್ತ ನಾವು. ಯಾರು ಸತ್ರು? ಇದರಲ್ಲಿ ಹೊಗೆ ಕೂಡ ಇಲ್ಲ, ನೋಡು!"

"ರೆಬೋ ಚಮರೀಮೃಗದ ಕೂದಲಿನ ಗುಡಾರ, ಮೇಮೇ. ಅದರ ನೆತ್ತಿ ತೆರೆದಿರುತ್ತೆ. ಹಿಮ ಬೀಳ್ತಿದ್ರೂ ನಿಮ್ಮಮ್ಮ ಅದನ್ನ ಪೂರ್ತಿ ಮುಚ್ಚೋಕೆ ಬಿಡ್ತಿದ್ರಾ?"

ಮುದುಕನಿಗೆ ಅಮ್ಮ ನೆನಪಾದಳು. ಬಿಡುತ್ತಿರಲಿಲ್ಲ. ಒಮ್ಮೆ ಚಳಿಯೆಂದು ಮುಚ್ಚಿದ್ದಕ್ಕೆ ಸೌಟಿನಿಂದ ಬಾರಿಸಿದ್ದಳು. ಯಾಕೆಂದು ಅವಳೂ ಹೇಳಲಿಲ್ಲ, ಇವನೂ ಕೇಳಲಿಲ್ಲ.

"ಕೆಂಡದಿಂದ ವಿಷಗಾಳಿ ಬರುತ್ತೆ. ಬಣ್ಣ ಇಲ್ಲ, ವಾಸನೆ ಇಲ್ಲ. ಮೊದಲು ತಲೆನೋವು, ಆಮೇಲೆ ತಲೆಸುತ್ತು, ವಾಂತಿ. ನಿದ್ದೆ ಹೋದವರಿಗೆ ಅದೂ ಗೊತ್ತಾಗಲ್ಲ. ಜಿಪ್ ಒಂಚೂರು ತೆರೆದಿಟ್ರೂ ಸಾಲದು."

ಮುದುಕನ ಕೈ ತಾನಾಗಿ ಹಣೆಗೆ ಹೋಯಿತು. ಮೂರು ಹುಡುಗಿಯರು! ಅಗ್ಗಿಷ್ಟಿಕೆ ಹೊರಗೆ ಹೊತ್ತು ತಂದು, ಕೆಂಡಕ್ಕೆ ಮರಳು ಮುಚ್ಚಿದ.

"ಹಂಗಾದ್ರೆ ಚಳಿಗೆ ಏನು ಮಾಡೋಣ?"

"ಅರ್ಧ ಚಳಿ ಹತ್ತೋದೇ ನೆಲದಿಂದ. ಕುರಿ ಚರ್ಮ ಎರಡು ಪದರ ಕೆಳಗೆ ಹಾಸಿ. ಹೊಟ್ಟೆ ತುಂಬ ಬಿಸಿ ತುಕ್ಪಾ ಕುಡಿದು, ಒಣಗಿದ ಕಾಲುಚೀಲ ಹಾಕ್ಕೊಂಡು, ತಲೆ ಕಿವಿ ಮುಚ್ಕೊಂಡು ಮಲಗಲಿ. ಬಾಟಲಿಗೆ ಬಿಸಿನೀರು ತುಂಬಿ, ಬಟ್ಟೆ ಸುತ್ತಿ ಕಾಲ ಹತ್ರ ಇಡಿ. ಯಾರಿಗಾದ್ರೂ ನಡುಕ ನಿಲ್ಲದಿದ್ರೆ, ಮಾತು ತೊದಲಿದ್ರೆ, ತಕ್ಷಣ ಮನೆಯೊಳಗೆ ಕರ್ಕೊಂಡು ಬನ್ನಿ. ನಕ್ಷತ್ರ ಎಲ್ಲೂ ಓಡಿಹೋಗಲ್ಲ."

"ಒಂದು ಗುಟುಕು ಛಾಂಗ್?"

"ಮೇಮೇ! ಅದು ಬೆಚ್ಚಗಾದ ಹಾಗೆ ಮೋಸ ಮಾಡಿ ಮೈಕಾವನ್ನ ಕಳೆಯುತ್ತೆ. ನಿಮಗೂ ಇವತ್ತು ಬೇಡ. ಗಾಳಿಗೆ ಕೂತ್ಕೊಳ್ಳಿ, ತಲೆನೋವು ಇಳಿಯದಿದ್ರೆ ಆಸ್ಪತ್ರೆಗೆ ಹೋಗೋಣ."

ತಲೆನೋವು ಇಳಿಯಿತು. ಹುಡುಗಿಯರೂ ಛುಸ್ಕಿತ್ ಹೇಳಿದಂತೆಯೇ ಟೆಂಟಿನಲ್ಲಿ ಮಲಗಿದರು. ಆದರೂ ಬೆಳಿಗ್ಗೆ ಬಿಸಿಲು ಬೀಳುವ ಮೊದಲೇ ಮುದುಕ ಟೆಂಟಿನ ಮುಂದೆ ನಿಂತಿದ್ದ. "ಕುಂಝೆಸ್!"

"ಮಲಗೋಕೆ ಬಿಡಿ, ಮೇಮೇ!" ಮೂರು ದನಿ ಒಟ್ಟಿಗೆ ಗೊಣಗಿದವು. ಅಷ್ಟು ಸಿಹಿಯಾದ ಗೊಣಗಾಟವನ್ನು ಮುದುಕ ಹುಟ್ಟಿದ ಮೇಲೆ ಕೇಳಿರಲಿಲ್ಲ.

ನಕ್ಷತ್ರ ನೋಡಲು ಹೊರಟ ಅಣ್ಣಂದಿರೇ, ಅಕ್ಕಂದಿರೇ, ಟೆಂಟಿನೊಳಗೆ ಕೆಂಡ, ಒಲೆ, ಯಾವ ಬೆಂಕಿಯೂ ಬೇಡ. ಕಂಬಳಿ ಇನ್ನೊಂದು ಹೊತ್ತುಕೊಂಡು ಹೋಗಿ, ಭಾರವಾದರೆ ಆಗಲಿ. ಬೆಳಿಗ್ಗೆ ನಿಮ್ಮ ಹೆಸರು ಕೂಗಿದವರಿಗೆ ನೀವು ಓಗೊಡಬೇಕು.