ಗುಳಿಗೆ ಕಂಪನಿ

ಗುಳಿಗೆ ಕಂಪನಿಯ ಬಸ್ಸು ನಿಂತು ಹೊರಟಿತು, ಗುರುಶಾಂತ ಹತ್ತಲಿಲ್ಲ. ಪಟಾನ್‌ಚೆರುವಿನ ಆ ತಿರುವಿನಲ್ಲಿ ಚಹಾದಂಗಡಿಯ ಮರೆಗೆ ನಿಂತಿದ್ದ ಗುರುದೇವಿ, ಸೆರಗನ್ನು ಮುಖದ ಮೇಲೆಳೆದುಕೊಂಡು ಗಂಡನ ಹಿಂದೆ ನಡೆದಳು.

ಯುಗಾದಿಯ ನಂತರ ಅವನು ಕೊರಳಿನ ಲಿಂಗವನ್ನು ಮನೆಯ ಮೊಳೆಗೆ ತೂಗುಹಾಕಿ ಕೆಲಸಕ್ಕೆ ಹೋಗುತ್ತಿದ್ದ. ಕಂಪನಿಯಲ್ಲಿ ಲಿಂಗದ ಬೆಳ್ಳಿ ಕರಡಿಗೆಯನ್ನು ಒಳಗೆ ಬಿಡುವುದಿಲ್ಲವಂತೆ. ಸಂಜೆ ಬಂದರೆ ಒದ್ದೆ ತಲೆ, ಮೈಯೆಲ್ಲ ಸೋಪಿನ ವಾಸನೆ.

"ಗುಳಿಗಿ ಮಾಡೋರು ಜಳಕಾ ಮಾಡ್ಕೊಂಡು ಬರ್ತಾರೇನವಾ?" ಎಂದು ಪಕ್ಕದ ಖೋಲಿಯ ಕಮಲಾಕ್ಷಿ ನಕ್ಕಿದ್ದಳು. "ಗಂಡಸು ಲಿಂಗ ಬಿಚ್ಚಿಟ್ಟು ಹೋಗೂದು ಎಂಥಾ ಕೆಲಸಕ್ಕ, ನೀನ ಹೇಳು."

ತಗಡಿನ ಶೆಡ್ಡೊಂದರ ಮುಂದೆ ಲಾರಿಯಿಂದ ಕುರಿಗಳನ್ನು ಇಳಿಸುತ್ತಿದ್ದರು. ಗುರುಶಾಂತ ಒಳಹೋದ. ಅವಳು ಗೇಟಿನಲ್ಲೇ ಕಾದಳು. ಅವನು ಹೊರಬಂದಾಗ ಮೊಣಕಾಲುದ್ದದ ಬೂಟು, ಕೆಂಪು ಕಲೆಯ ಬಿಳಿ ಏಪ್ರನ್.

"ಯಾವಕಿನೋ ಹೆಂಗಸು ಅದಾಳಂತ ನಾ ಬಂದ್ರ, ಕುರಿ ಕಡಿಯೂ ಫ್ಯಾಕ್ಟ್ರಿ ಐತಲ್ರಿ ಇದು!" ಎಂದಳು ಗುರುದೇವಿ.

ಅವನು ಸುತ್ತ ನೋಡಿದ. "ಸಾವಕಾಶ ಮಾತಾಡ. ಗುಳಿಗಿ ಕಂಪನ್ಯಾಗ ಯುಗಾದಿಗೇ ಬಿಡಿಸಿದ್ರು. ನಾ ಕಡಿಯಂಗಿಲ್ಲ. ಕಡಿದ ಕುರಿ ಕೊಕ್ಕಿಗೆ ತೂಗು ಹಾಕ್ತೀನಿ, ಅಷ್ಟ."

"ನನಗರೆ ಹೇಳಬೇಕಿತ್ತು."

"ಹೇಳಿದ್ರ ಈ ಕೈಯಾಗ ರೊಟ್ಟಿ ಕೊಡ್ತಿದ್ದೇನು?"

"ಇವತ್ತ ಊರಿಗೆ ಹೊಂಟೆ ನಾ. ನಿಮ್ಮ ರೊಟ್ಟಿ ನೀವ ಬಡ್ಕೋರಿ."

ಅವಳು ತಿರುಗುವಷ್ಟರಲ್ಲಿ ಶೆಡ್ಡಿನ ಬಾಗಿಲಿನ ಪ್ಲಾಸ್ಟಿಕ್ ಪರದೆಯ ಆಚೆ ಹೆಂಗಸರು ನಕ್ಕ ಸದ್ದು. ಒಂದು ಹೆಣ್ಣುದನಿ ಬೇಗ ಬಾ ಎಂದು ಕೂಗಿತು, "ಗುರೂ, ಜಲ್ದಿ ಆ ರೇ!"

"ಯಾರಕಿ?"

"ಪ್ಯಾಕಿಂಗಿನವರು."

"ಈ ಊರಾಗ ಎಲ್ಲಾರೂ ಎಲ್ಲಾರಿಗೂ ಭಾಯ್ ಅಂತಾರ. ಆಕಿ ಯಾಕ ಅನ್ನಲಿಲ್ಲ?"

"ಹುಚ್ಚಿ, ಆಕಿ ಎಲ್ಲಾರಿಗೂ ಹಂಗ ಕರೀತಾಳ."

"ಎಲ್ಲಾರಿಗೂ?"

ಬೀದರ್ ಕಡೆಯ ಮೇಸ್ತ್ರಿ ವೈಜನಾಥ ಬಾಗಿಲಿಗೆ ಬಂದ. ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಕೆಲಸಕ್ಕ ಬಂದೀಯೇನವ್ವಾ? ಪ್ಯಾಕಿಂಗಿಗೆ ಹೆಣ್ಮಕ್ಕಳು ಬೇಕಾಗ್ಯಾರ" ಎಂದ.

"ಇಲ್ಲ ಸಾಬ್, ಇಕಿ..." ಗುರುಶಾಂತ ಪರದೆಯ ಕಡೆ ನೋಡಿದ.

"ಹೌದ್ರಿ, ಕೆಲಸಕ್ಕ," ಎಂದಳು ಗುರುದೇವಿ, ಗಂಡನನ್ನೇ ನೋಡುತ್ತ.

ಹೊಸ್ತಿಲಲ್ಲಿ ಕಾಲು ತೊಳೆಯಲು ಔಷಧಿ ಬೆರೆಸಿದ ನೀರಿನ ತಗ್ಗಿತ್ತು. ಅವಳು ಚಪ್ಪಲಿ ಬಿಟ್ಟು, ಸೀರೆಯ ನಿರಿಗೆಯನ್ನು ಮೇಲೆತ್ತಿ ಹಿಡಿದು ಒಂದು ಕಾಲಿಟ್ಟಳು. ನೀರು ತಣ್ಣಗಿತ್ತು. ಪರದೆಯ ಆಚೆ ನಗು ಥಟ್ಟನೆ ನಿಂತಿತು.